ಕಂದನ ಪಾಲಿನ ರಕ್ತದ ಚೀಲಕ್ಕೆ ಲೇಬಲ್

ಪುಣೆಯ ಸಣ್ಣ ಆಸ್ಪತ್ರೆಯೊಂದರ ಬ್ಲಡ್ ಬ್ಯಾಂಕಿನಲ್ಲಿ ನನಗೆ ರಾತ್ರಿ ಪಾಳಿ. ನವಜಾತ ಮಗುವಿಗೆ ಒಮ್ಮೆಗೆ ಸಾಮಾನ್ಯವಾಗಿ ಮೈತೂಕದ ಕೆಜಿಗೆ 10–15 ಮಿಲಿ ಕೆಂಪುಕಣ ಸಾಕು. ಅದಕ್ಕೇ ಒಂದು ಯೂನಿಟ್ಟನ್ನು, ಅಂದರೆ ಒಬ್ಬ ದಾನಿಯ ಚೀಲವನ್ನು, ಸಣ್ಣ ಚೀಲಗಳಿಗೆ ಹಂಚುತ್ತೇವೆ.

ತುಂಬುವ ಮೊದಲೇ ಲೇಬಲ್ ಅಂಟಿಸಿ. ಮೂಲ ಚೀಲದ ನಂಬರ್ ಪೂರ್ತಿ ಬರೆದು ಕೊನೆಗೆ ಎ, ಬಿ, ಸಿ ಸೇರಿಸಿ. ಗುಂಪು, ಆರ್‌ಎಚ್ (ಪಾಸಿಟಿವ್/ನೆಗೆಟಿವ್), ಹಂಚಿದ ಹೊತ್ತು, ಸಹಿ ಇರಲಿ. ಮಿಲಿ ಮಾತ್ರ ತುಂಬಿದ ಮೇಲೆ, ತೂಗಿ ಲೆಕ್ಕ ಹಾಕಿ. ಸುಮ್ನೆ ಅಂದಾಜು ಬೇಡ.

ಜಾಸ್ತಿ ಎಡವುವುದು ಬಳಕೆಯ ಅವಧಿ ಬರೆಯುವಲ್ಲಿ. ಸ್ಟೆರೈಲ್ ಕನೆಕ್ಟರ್ (ಹೊರಗಿನ ಗಾಳಿ ತಾಕದಂತೆ ಚೀಲಗಳ ನಳಿಗೆ ಜೋಡಿಸುವ ಯಂತ್ರ) ಬಳಸಿದರೆ ಮೂಲ ಚೀಲದ ಅವಧಿ ಮುಗಿಯುವ ದಿನಾಂಕವೇ. ಚೀಲ ತೆರೆದು ಹಂಚಿದರೆ 2–6 ಡಿಗ್ರಿಯಲ್ಲಿಟ್ಟರೂ 24 ಗಂಟೆ ಅಷ್ಟೇ. ಒಮ್ಮೆ ನಾನು ಹಳೇ ದಿನಾಂಕವನ್ನೇ ಬರೆದಿದ್ದೆ. 'ತಮ್ಮಾ, ಇದು ತೆರೆದದ್ದು ಅಲ್ವಾ?' ಎಂದರು ಧಾರವಾಡ ಕಡೆಯ ನಮ್ಮ ಸಿಸ್ಟರ್. ಈಗ ಇಬ್ಬರೂ ಓದುತ್ತೇವೆ, ಒಬ್ಬರು ಜೋರಾಗಿ.

ಅವಳಿಗಳಿದ್ದರೆ ಮಕ್ಕಳನ್ನು 1, 2 ಎನ್ನಿ. ಎ, ಬಿ ಚೀಲಗಳಿಗಿರಲಿ.