ಭೀಮನ ದವಡೆಗೆ ತಕ್ಕ ಆಟಿಕೆ

ನಮ್ಮ ರಾಟ್‌ವೀಲರ್ ಭೀಮನಿಗೆ ಆಟಿಕೆ ತರಲು ಹೋದಾಗಲೆಲ್ಲ ಅಂಗಡಿಯವರು ‘ಇದನ್ನು ಯಾವ ನಾಯಿಯೂ ಮುರಿಯುವುದಿಲ್ಲ ಸಾರ್’ ಎಂದು ಭರವಸೆ ಕೊಡುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಸಾಮಾನನ್ನು ಕೆಳಗಿಡುತ್ತೇನೆ. ಇಂಥ ದವಡೆಗೆ ಸಿಕ್ಕ ಮೇಲೆ ಆಟಿಕೆಯಾದರೂ ಸೋಲಬೇಕು, ಹಲ್ಲಾದರೂ ಸೋಲಬೇಕು. ಆಟಿಕೆ ಹೋದರೆ ಇನ್ನೊಂದು ತರಬಹುದು.

ಭೀಮ ಕಡಿಯುವ ರೀತಿಯನ್ನು ಕುಳಿತು ನೋಡಿದ್ದೇನೆ. ಸಾಮಾನನ್ನು ಮುಂಗಾಲುಗಳ ನಡುವೆ ಅದುಮಿ ಹಿಡಿದು, ತಲೆ ಓರೆ ಮಾಡಿ, ಬಾಯಿಯ ಹಿಂಬದಿಗೆ ದೂಡುತ್ತಾನೆ. ಅಲ್ಲಿ ಮೇಲ್ದವಡೆಯ ಎರಡೂ ಬದಿಗೆ ಒಂದೊಂದು ದೊಡ್ಡ ಹಲ್ಲಿದೆ. ಅದು ಕೆಳಗಿನ ಹಲ್ಲಿನ ಜೊತೆ ಕತ್ತರಿಯ ಅಲಗಿನ ಹಾಗೆ ಕೂಡುತ್ತದೆ. ತೀರಾ ಗಟ್ಟಿಯಾದದ್ದನ್ನು ಕಚ್ಚಿದಾಗ ಆ ಹಲ್ಲಿನ ಹೊರಮೈ ಚಕ್ಕೆಯಾಗಿ ಎದ್ದು ಒಳಗಿನ ತಿರುಳು ತೆರೆದುಕೊಳ್ಳುವುದುಂಟು. ಆಮೇಲೆ ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಹಲ್ಲು ಕೀಳಿಸಬೇಕು. ನಾಯಿ ಅತ್ತು ಕರೆದು ಹೇಳುವುದಿಲ್ಲ; ಇನ್ನೊಂದು ಬದಿಯಲ್ಲಿ ಅಗಿಯುತ್ತ ಊಟ ಮಾಡಿಕೊಂಡೇ ಇರುತ್ತದೆ. ಆದ್ದರಿಂದ ಕೊಂಬು, ಗೊರಸು, ಒಣಗಿ ಬಿರುಸಾದ ಯಾಕ್ ಹಾಲಿನ ಚೀಸ್ ತುಂಡು ನಮ್ಮ ಮನೆಗೆ ಬರುವುದಿಲ್ಲ. ಬೇಯಿಸಿದ ಮೂಳೆಯಂತೂ ಚೂಪಾಗಿ ಸೀಳುತ್ತದೆ, ಗಂಟಲಿನಿಂದ ಕರುಳಿನವರೆಗೆ ಎಲ್ಲಿ ಬೇಕಾದರೂ ಚುಚ್ಚಬಹುದು.

ಅಂಗಡಿಯಲ್ಲಿ ನನ್ನ ಪರೀಕ್ಷೆ ಸರಳ. ಹೆಬ್ಬೆರಳ ಉಗುರನ್ನು ಬಲವಾಗಿ ಒತ್ತುತ್ತೇನೆ. ಕೊಂಚವಾದರೂ ತಗ್ಗು ಬೀಳಬೇಕು. ಇದರಿಂದ ಮೊಣಕಾಲ ಚಿಪ್ಪಿಗೆ ಬಡಿದುಕೊಂಡರೆ ನೋಯುತ್ತದೆಯೇ ಎಂದೂ ಕೇಳಿಕೊಳ್ಳುತ್ತೇನೆ. ಹೌದು ಅನಿಸಿದರೆ ಅದು ಹಲ್ಲಿಗೂ ಬೇಡ. ಈ ಎರಡರಲ್ಲೂ ಪಾಸಾಗಿ, ಭೀಮನ ಕೈಯಲ್ಲೂ ಬಾಳುವುದು ದಪ್ಪ ಗೋಡೆಯ ರಬ್ಬರ್ ಆಟಿಕೆ ಮಾತ್ರ. ಅದು ಒತ್ತಿದರೆ ಬಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಈಗ ಎಲ್ಲೆಡೆ ಸಿಗುವ ಕಾಂಗ್ ಎಂಬ ಆಟಿಕೆ ಹುಟ್ಟಿದ್ದೂ ಇಂಥ ರಬ್ಬರಿನಿಂದಲೇ. 1970ರ ದಶಕದಲ್ಲಿ ಅಮೆರಿಕದ ಜೋ ಮಾರ್ಕಮ್ ಅವರ ಜರ್ಮನ್ ಶೆಫರ್ಡ್ ಕಲ್ಲು ಕಡಿದು ಹಲ್ಲು ಸವೆಸಿಕೊಳ್ಳುತ್ತಿತ್ತು. ಅವರು ವ್ಯಾನ್ ರಿಪೇರಿ ಮಾಡುತ್ತಿದ್ದಾಗ ಕೈಗೆ ಸಿಕ್ಕ, ಗಾಡಿಯ ಕುಲುಕಾಟ ತಡೆಯುವ ಸಸ್ಪೆನ್ಷನ್‌ನ ರಬ್ಬರ್ ಭಾಗವನ್ನು ಆ ನಾಯಿ ಬಿಡದೆ ಹಿಡಿದುಕೊಂಡಿತು. ಕಾಂಗ್ ಕಂಪನಿಯ ಕಪ್ಪು ಬಣ್ಣದ ಆಟಿಕೆ ಕೆಂಪಿನದಕ್ಕಿಂತ ಬಿಗಿ; ಭೀಮನಂಥವರಿಗೆ ಕಪ್ಪು. ಹಾಲುಹಲ್ಲಿನ ಮರಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಅಳತೆಯಲ್ಲಿ ನಾನು ಜಿಪುಣ ಅಲ್ಲ. ದವಡೆಯ ಹಿಂದಕ್ಕೆ ಪೂರ್ತಿ ಹೋಗುವಷ್ಟು ಚಿಕ್ಕದಾದ ಚೆಂಡು ಉಸಿರು ಕಟ್ಟಿಸುತ್ತದೆ, ಆದ್ದರಿಂದ ದೊಡ್ಡದನ್ನೇ ಆರಿಸುತ್ತೇನೆ. ಪೊಳ್ಳು ಆಟಿಕೆಯಾದರೆ ಎರಡು ತೂತು ಇರಲೇಬೇಕು. ಒಂದೇ ತೂತಿದ್ದರೆ ನಾಯಿ ನೆಕ್ಕುವಾಗ ಒಳಗೆ ಗಾಳಿಯಿಲ್ಲದೆ ನಾಲಗೆ ಹೀರಿಕೊಂಡು ಸಿಕ್ಕಿಬೀಳಬಹುದು. ಕಾಲು, ಕಿವಿ, ಬಾಲ ಎಂದು ತೆಳ್ಳಗೆ ಚಾಚಿಕೊಂಡಿರುವ ಆಟಿಕೆಯನ್ನು ಭೀಮ ಅಲ್ಲಿಂದಲೇ ಕಡಿಯಲು ಶುರುಮಾಡುತ್ತಾನೆ. ಒಳಗೆ ಒತ್ತಿದರೆ ಕೂಗುವ ಪೀಪಿ ಇರುವುದಾದರೆ ಅದನ್ನು ಹೊರಗೆಳೆಯುವವರೆಗೆ ಬಿಡುವುದಿಲ್ಲ.

ಟೆನಿಸ್ ಚೆಂಡು ಎಸೆದು ಆಡಲು ಸರಿ, ಕಡಿಯಲು ಕೊಟ್ಟರೆ ಅದರ ಒರಟು ನಾರು ಮಣ್ಣಿನೊಂದಿಗೆ ಸೇರಿ ಹಲ್ಲನ್ನು ಉಜ್ಜಿ ಸವೆಸುತ್ತದೆ. ಹಗ್ಗವನ್ನು ನಾನು ಒಂದು ತುದಿ ಹಿಡಿದಿರುವಾಗ ಮಾತ್ರ ಕೊಡುವುದು. ನುಂಗಿದ ಹಗ್ಗದ ಎಳೆ ಕರುಳನ್ನು ನೆರಿಗೆ ಕಟ್ಟಿಸಿ ಕೊಯ್ಯಬಹುದು. ‘ಅಷ್ಟು ದುಡ್ಡು ಯಾಕೆ, ಒಂದು ತೆಂಗಿನಕಾಯಿ ಸಿಪ್ಪೆ ಹಾಕಿ’ ಎಂದು ಎದುರು ಮನೆಯವರು ಹೇಳುತ್ತಾರೆ. ಆ ನಾರಿನದೂ ಅದೇ ಕಥೆ. ಹಳೆಯ ಟೈರಿನ ತುಂಡೂ ಬೇಡ, ಅದರೊಳಗೆ ಉಕ್ಕಿನ ತಂತಿ ಇರಬಹುದು.

ಬರೀ ರಬ್ಬರಿನಲ್ಲಿ ಭೀಮನಿಗೆ ಆಸಕ್ತಿ ಬೇಗ ತೀರುತ್ತದೆ. ಬೇಯಿಸಿದ ಸಿಹಿಕುಂಬಳ, ಉಪ್ಪು ಹಾಕದ ಮೊಸರನ್ನ, ಒಂದಿಷ್ಟು ರಾಗಿ ಮುದ್ದೆ ತುರುಕಿ ಫ್ರೀಜರ್‌ನಲ್ಲಿ ಇಡುತ್ತೇನೆ. ಗಟ್ಟಿಯಾದದ್ದನ್ನು ಅವನು ಕಡಿಯುವ ಬದಲು ನೆಕ್ಕುತ್ತಾನೆ, ಆಟಿಕೆಯ ಆಯುಸ್ಸೂ ಹೆಚ್ಚುತ್ತದೆ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಬೆರೆಸಬಾರದು. ಪೀನಟ್ ಬಟರ್ ಹಾಕುವುದಾದರೆ ಡಬ್ಬಿಯ ಮೇಲೆ ಕ್ಸೈಲಿಟಾಲ್ ಎಂಬ ಹೆಸರು ಇದೆಯೇ ಎಂದು ಓದಬೇಕು. ಆ ಸಿಹಿಕಾರಕ ನಾಯಿಗೆ ವಿಷ.

ಆಟ ಮುಗಿದ ಮೇಲೆ ತೊಳೆದು, ಹಿಂಡಿ, ಬೆಳಕಿಗೆ ಹಿಡಿದು ನೋಡುತ್ತೇನೆ. ಹಲ್ಲಿನ ಚುಕ್ಕೆಗಳಿದ್ದರೆ ಚಿಂತೆಯಿಲ್ಲ. ತೂತಿನ ಅಂಚಿನಲ್ಲಿ ಬಿರುಕು ಬಾಯಿ ಬಿಟ್ಟಿದ್ದರೆ, ಇಲ್ಲವೇ ಎಲ್ಲಾದರೂ ಚೂರು ಕಾಣೆಯಾಗಿದ್ದರೆ ಅದರ ಕೆಲಸ ಮುಗಿಯಿತು. ಚೂರು ನೆಲದಲ್ಲಿ ಸಿಗದಿದ್ದರೆ ಮುಂದಿನ ದಿನಗಳಲ್ಲಿ ಮಲದಲ್ಲಿ ಹುಡುಕುತ್ತೇನೆ. ಈ ನಡುವೆ ವಾಂತಿ ಮಾಡಿದರೆ, ಊಟ ಬಿಟ್ಟರೆ ನೇರ ಪಶುವೈದ್ಯರ ಹತ್ತಿರ. ಹಳೆಯದನ್ನು ಹಾಗೆಯೇ ಕಸಕ್ಕೆ ಎಸೆಯುವುದಿಲ್ಲ. ಬೀದಿನಾಯಿಗಳು ಎತ್ತಿಕೊಂಡು ಹೋಗುತ್ತವೆ ಎಂದು ಚೀಲದೊಳಗೆ ಬಿಗಿಯಾಗಿ ಕಟ್ಟಿ, ಕಸದ ಗಾಡಿಯವರ ಕೈಗೇ ಕೊಡುತ್ತೇನೆ.