ದಾನ ಬಿಟ್ಟು ಎರವಲು ಹಿಡಿದ ಕಥೆ

"ಕೊಟ್ಟ ವೀಲ್‌ಚೇರ್ ವಾಪಸ್ ಬರುತ್ತೇನ್ರೀ?" ಅಂತ ನಕ್ಕವರು ಹೊರಗಿನವರಲ್ಲ, ನಮ್ಮ ಟ್ರಸ್ಟಿನವರೇ. ಆರು ವರ್ಷ ಆಯ್ತು. ಸುಮಾರು 40 ಚೇರ್ ಎರವಲು ಕೊಟ್ಟಿದ್ದೇವೆ. ಕೈತಪ್ಪಿದ್ದು ಮೂರೋ ನಾಲ್ಕೋ.

ಮೊದಲು ನಾವೂ ದಾನ ಕೊಟ್ಟು, ಫೋಟೋ ತೆಗೆಸಿಕೊಂಡು ಬಂದವರೇ. ಆದರೆ ಡುಶೆನ್ (ಸ್ನಾಯುಗಳು ಕ್ರಮೇಣ ಸೋಲುತ್ತಾ ಹೋಗಿ, ಕೊನೆಗೆ ಜೀವಕ್ಕೇ ಕುತ್ತಾಗುವ ಹುಟ್ಟುಕಾಯಿಲೆ) ಇರುವ ಹುಡುಗನ ಕಾಯಿಲೆಯೂ ನಿಲ್ಲುವುದಿಲ್ಲ, ಬೆಳವಣಿಗೆಯೂ ನಿಲ್ಲುವುದಿಲ್ಲ. 10ನೇ ವಯಸ್ಸಿಗೆ ಸರಿ ಇದ್ದ ಚೇರ್ 12ಕ್ಕೆ ಬಿಗಿ. ಒಮ್ಮೆ ಜಾಣತನ ಮಾಡಲು ಹೋಗಿ, ಬೆಳೆದ ಮೇಲೂ ಆಗಲಿ ಅಂತ ಅಗಲದ ಸೀಟು ಕೊಟ್ಟೆ. ಆರು ತಿಂಗಳ ಮೇಲೆ ನೋಡಿದರೆ ಹುಡುಗ ಎಡಕ್ಕೆ ವಾಲಿ, ಮೈಭಾರವೆಲ್ಲ ಒಂದೇ ಮೊಣಕೈ ಮೇಲೆ ಹಾಕಿ ಕೂತಿದ್ದ. ಅಲ್ಲಿನ ಚರ್ಮ ಕಪ್ಪಾಗಿ ದಡ್ಡುಗಟ್ಟಿತ್ತು. ಅವತ್ತಿನಿಂದ ಟೇಪ್ ಇಲ್ಲದೆ ಯಾರ ಮನೆಗೂ ಹೋಗಿಲ್ಲ. ಸೀಟು ಸೊಂಟದ ಅಗಲಕ್ಕಿಂತ ಎರಡು ಮೂರು ಸೆಂ.ಮೀ. ಜಾಸ್ತಿ, ಅಷ್ಟೇ. ಬಾಗಿಲನ್ನೂ ಅಳೆಯಿರಿ.

ಇನ್ನು ದುಡ್ಡು. ಹೊಸ ಚೇರ್‌ಗೆ ದಾನಿಗಳು ಸಿಗುತ್ತಾರೆ, ಬ್ಯಾಟರಿಗೆ ಒಬ್ಬರೂ ಇಲ್ಲ. ಚಾರ್ಜ್ ಮಾಡದೆ ಮೂಲೆಗಿಟ್ಟ ಮೂರು ಮೋಟಾರ್ ಚೇರ್‌ಗಳ ಲೆಡ್ ಆಸಿಡ್ ಬ್ಯಾಟರಿ ಸತ್ತೇಹೋದವು. ಈಗ ಬಂದ ಹಣದಲ್ಲಿ ಮೂರನೇ ಒಂದು ಪಾಲು ರಿಪೇರಿಗೆ ಮೊದಲೇ ಎತ್ತಿಡುತ್ತೇವೆ. ದಾನಿಗಳನ್ನು ಹೇಗೆ ಒಪ್ಪಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ!

ವಾಪಸ್ ಬರುವ ಗುಟ್ಟು ಮಾತ್ರ ಹೇಳುತ್ತೇನೆ. ನಾವು ವಾಪಸ್ ಕೇಳುವುದೇ ಇಲ್ಲ. ಮುಂದಿನ ಅಳತೆಯದನ್ನು ತಗೊಂಡು ಹೋಗುತ್ತೇವೆ, ಅದೇ ಗಾಡಿಯಲ್ಲಿ ಹಳೆಯದು ಬರುತ್ತದೆ. "ಯಾವಾಗ ಕೊಡ್ತೀರಿ?" ಅಂದರೆ ಆ ಮನೆಯವರಿಗೆ ಅದು ಬೇರೆಯೇ ಪ್ರಶ್ನೆಯಾಗಿ ಕೇಳಿಸುತ್ತದೆ, ಅಲ್ವಾ?

ನಡುವೆ ಸಣ್ಣಪುಟ್ಟ ಕಿತಾಪತಿಯೂ ನಡೆದಿದೆ. ಬೆರಳಿನ ಹಿಡಿತ ಹೋದವರಿಗೆ, ಮೋಟಾರ್ ಚೇರ್ ಓಡಿಸುವ ಜಾಯ್‌ಸ್ಟಿಕ್ ತುದಿಗೆ ಸ್ಪಂಜಿನ ಚೆಂಡು ಸಿಕ್ಕಿಸಿದೆ. ಅಂಗೈಯಲ್ಲೇ ತಳ್ಳಬಹುದು. ಇಬ್ಬರಿಗೆ ಚೆನ್ನಾಗಿ ಒಗ್ಗಿತು, ಒಬ್ಬರು ಎರಡೇ ದಿನಕ್ಕೆ ಕಿತ್ತು ಹಾಕಿದರು.

ಸ್ನಾಯು ಸೋತು ಜೋರಾಗಿ ಕೆಮ್ಮಲಾಗದವರಿಗೆ ನೆರವಾಗುವ ಮೆಷಿನ್ ಎರಡಿವೆ. ಮಾಸ್ಕು, ಪೈಪು ಪ್ರತಿಯೊಬ್ಬರಿಗೂ ಹೊಸದು. ಮೊದಮೊದಲು ಕಫ ಕಟ್ಟಿದಾಗ ಮಾತ್ರ ಕಳಿಸುತ್ತಿದ್ದೆ. ಉಸಿರಿಗೇ ಒದ್ದಾಡುವವರು ಆ ಹೊತ್ತಿನಲ್ಲಿ ಹೊಸ ಮೆಷಿನ್ ಕಲಿಯುತ್ತಾರಾ? ಮಾಸ್ಕ್ ತಳ್ಳಿಬಿಡುತ್ತಿದ್ದರು. ಈಗ ಆರಾಮಾಗಿರುವಾಗಲೇ ಎರಡು ವಾರ ಮನೆಯಲ್ಲಿಟ್ಟು ಅಭ್ಯಾಸ ಮಾಡಿಸುತ್ತೇವೆ. ಮೂರನೇ ಮೆಷಿನ್‌ಗೆ ದುಡ್ಡು ಇನ್ನೂ ಅರ್ಧ ಕೂಡಬೇಕು.