ಹಳೆ ಕಾರು ಕೊಡಿ: ಅಮೆರಿಕದ ಕನ್ನಡ ಕೂಟಗಳು ದೇಣಿಗೆ ಎತ್ತುವ ಬಗೆ

ಅಮೆರಿಕದಿಂದ ಊರಿಗೆ ವಾಪಸ್ ಹೊರಟವರಲ್ಲಿ ಅನೇಕರು ಕೊನೆಯ ವಾರ ಕಾರನ್ನು ಸಿಕ್ಕಷ್ಟಕ್ಕೆ ಕೊಟ್ಟು ವಿಮಾನ ಹತ್ತುತ್ತಾರೆ. ಇನ್ನು ಕೆಲವರ ಗ್ಯಾರೇಜಿನಲ್ಲಿ ಟ್ರಾನ್ಸ್‌ಮಿಷನ್ ಕೆಟ್ಟ ಕಾರು ಸುಮ್ನೆ ನಿಂತಿರುತ್ತದೆ. ರಿಪೇರಿ ಖರ್ಚು ಕಾರಿನ ಬೆಲೆಗಿಂತ ಜಾಸ್ತಿ. ಇಂಥ ಕಾರುಗಳನ್ನು ದಾನವಾಗಿ ಪಡೆದು, ಮಾರಿ, ಹಣ ಕೂಡಿಸುವ ಕೆಲಸವನ್ನು ಅಲ್ಲಿನ ಸಾರ್ವಜನಿಕ ರೇಡಿಯೊ ಕೇಂದ್ರಗಳು ಬಹಳ ಕಾಲದಿಂದ ಮಾಡುತ್ತಿವೆ. ನಮ್ಮ ಕನ್ನಡ ಕೂಟಗಳೂ ಮಾಡಬಹುದು. ಯುಗಾದಿಗೂ ರಾಜ್ಯೋತ್ಸವಕ್ಕೂ ಅದೇ ನಾಲ್ಕಾರು ಮನೆಯವರನ್ನು ಕೇಳುವುದು ತಪ್ಪುತ್ತದೆ. ಆದರೆ ಕಾರು ಕೊಟ್ಟವರಿಗೆ ಎಷ್ಟು ತೆರಿಗೆ ರಿಯಾಯಿತಿ (ಅಂದರೆ ತೆರಿಗೆ ಬೀಳುವ ಆದಾಯದಿಂದ ಎಷ್ಟು ಕಳೆಯಬಹುದು), ಕೂಟದ ಕೈಗೆ ಎಷ್ಟು ಹಣ ಎಂಬ ಎರಡು ಲೆಕ್ಕಗಳನ್ನೂ ಮೊದಲ ದಿನವೇ ಬಿಚ್ಚಿ ಹೇಳಬೇಕು. ಇದನ್ನು ಮಾಡಲಾಗದಿದ್ದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಮೊದಲು ನಿಮ್ಮ ಕಾಗದಪತ್ರ ನೋಡಿಕೊಳ್ಳಿ

ನಿಮ್ಮ ಕೂಟಕ್ಕೆ 501(ಸಿ)(3), ಅಂದರೆ ತೆರಿಗೆ ಕಾನೂನಿನಡಿ ದತ್ತಿ ಸಂಸ್ಥೆ ಎಂಬ ಮಾನ್ಯತೆ ಇರಬೇಕು. ಕೆಲವು ಸಂಘಗಳು 501(ಸಿ)(7), ಅಂದರೆ ಸದಸ್ಯರ ಕ್ಲಬ್ ಎಂದು ನೋಂದಣಿಯಾಗಿರುತ್ತವೆ. ಅಂಥವಕ್ಕೆ ಕಾರು ಕೊಟ್ಟವರಿಗೆ ರಿಯಾಯಿತಿ ಸಿಗುವುದಿಲ್ಲ. ಇನ್ನೊಂದು ಅಪಾಯವಿದೆ. ಸಂಸ್ಥೆಯ ವಾರ್ಷಿಕ ವರದಿಯಾದ ಫಾರ್ಮ್ 990 ಅನ್ನು ಸತತ ಮೂರು ವರ್ಷ ಸಲ್ಲಿಸದಿದ್ದರೆ ಮಾನ್ಯತೆ ತಾನಾಗಿಯೇ ರದ್ದಾಗುತ್ತದೆ. ಪದಾಧಿಕಾರಿಗಳು ಆಗಾಗ ಬದಲಾಗುವ ಕಡೆ ಈ ಫಾರ್ಮ್ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಜಾಲತಾಣದಲ್ಲಿ ಕೂಟದ ಹೆಸರು ಹುಡುಕಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಮಾರುವವರು ಯಾರು?

ನೀವೇ ಮಾರಬಹುದು. ಆದರೆ ವರ್ಷಕ್ಕೆ ಬೆರಳೆಣಿಕೆಗಿಂತ ಹೆಚ್ಚು ಕಾರು ಮಾರಿದರೆ ಅನೇಕ ರಾಜ್ಯಗಳಲ್ಲಿ ಡೀಲರ್ ಲೈಸೆನ್ಸ್ ಬೇಕು. ಕಾರು ಎತ್ತಿ ತರಬೇಕು, ನಿಲ್ಲಿಸಲು ಜಾಗ ಹುಡುಕಬೇಕು, ಗಿರಾಕಿಗಳ ಜೊತೆ ಚೌಕಾಸಿ ಮಾಡಬೇಕು. ಉದ್ಯೋಗ, ಮನೆ, ಮಕ್ಕಳ ನಡುವೆ ಸ್ವಯಂಸೇವಕರಿಗೆ ಇದು ಭಾರವೇ. ಆದ್ದರಿಂದ ಹೆಚ್ಚಿನ ಸಣ್ಣ ಸಂಸ್ಥೆಗಳಿಗೆ ಏಜೆಂಟರೇ ಸರಿ. ಸ್ಯಾನ್ ಡಿಯಾಗೊದ ಕಾರ್ಸ್ ಸಂಸ್ಥೆ ಅಂಥದ್ದೊಂದು. ಇವರು ಕಾರನ್ನು ಟೋ ಮಾಡಿಸಿ, ಹರಾಜಿಗೆ ಹಾಕಿ, ತಮ್ಮ ಖರ್ಚು ಹಿಡಿದುಕೊಂಡು ಉಳಿದದ್ದನ್ನು ಕೂಟಕ್ಕೆ ಕಳಿಸುತ್ತಾರೆ. ಏಜೆಂಟರ ಮೂಲಕ ಕಾರು ಪಡೆಯಲು ಐಆರ್‌ಎಸ್ 2002ರ ಆದೇಶದಲ್ಲೇ ಒಪ್ಪಿಗೆ ಕೊಟ್ಟಿದೆ. ಆದರೆ ಆ ಏಜೆಂಟ್ ನಿಮ್ಮ ಪರವಾಗಿ, ನಿಮ್ಮ ನಿಗಾದಲ್ಲಿ ಕೆಲಸ ಮಾಡುತ್ತಿರಬೇಕು. ನಿಮ್ಮ ಹೆಸರನ್ನು ಬಾಡಿಗೆಗೆ ಪಡೆದು ತನ್ನ ವ್ಯಾಪಾರ ನಡೆಸುವವನಿಗೆ ಕಾರು ಕೊಟ್ಟರೆ ದಾನಿಗೆ ರಿಯಾಯಿತಿ ದಕ್ಕುವುದಿಲ್ಲ.

ಒಪ್ಪಂದವನ್ನು ಪೂರ್ತಿ ಓದಿ. ನಿಮ್ಮ ಪಾಲು ಮಾರಿದ ಬೆಲೆಯ ಮೇಲೋ, ಖರ್ಚು ಕಳೆದ ಮೇಲೋ? ಒಂದು ಕಾರು ಹರಾಜಿನಲ್ಲಿ 900 ಡಾಲರ್‌ಗೆ ಹೋಯಿತು ಅಂದುಕೊಳ್ಳಿ. ನಿಮ್ಮ ಪಾಲು ಶೇ 70. ಮಾರಿದ ಬೆಲೆಯ ಮೇಲಾದರೆ 630 ಡಾಲರ್. ಟೋ ಮತ್ತು ಹರಾಜಿನ ಖರ್ಚು 250 ಕಳೆದ ಮೇಲಾದರೆ ಬರೀ 455. ಶೇಕಡಾವಾರು ಅದೇ, ಆದರೆ ಹಣದಲ್ಲಿ ಎಷ್ಟು ವ್ಯತ್ಯಾಸ ನೋಡಿ! ಕಾರು ಟೋ ಖರ್ಚಿಗಿಂತ ಕಡಿಮೆಗೆ ಹೋದರೆ ನಷ್ಟ ಯಾರದ್ದು ಎಂಬುದನ್ನೂ ಬರೆಸಿಕೊಳ್ಳಿ.

ದಾನಿಗೆ ಏನು ಹೇಳಬೇಕು

ಹೆಚ್ಚು ಗೊಂದಲ ಇರುವುದು ಇಲ್ಲೇ. ಹಿಂದೆ ದಾನಿಗಳು ಬೆಲೆ ಪಟ್ಟಿ ನೋಡಿ ತಾವೇ ಮೌಲ್ಯ ಹಾಕಿಕೊಂಡು ರಿಯಾಯಿತಿ ಪಡೆಯುತ್ತಿದ್ದರು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2003ರಲ್ಲಿ 54 ಕಾರುಗಳ ಜಾಡು ಹಿಡಿದು ನೋಡಿತು. ಅವುಗಳಲ್ಲಿ ಮೂರನೇ ಎರಡು ಭಾಗದ ಕಾರುಗಳ ವಿಷಯದಲ್ಲಿ, ದಾನಿ ಹೇಳಿಕೊಂಡ ಮೌಲ್ಯದ ಶೇ 5 ಅಥವಾ ಅದಕ್ಕಿಂತ ಕಡಿಮೆ ಹಣ ಮಾತ್ರ ಸಂಸ್ಥೆಗೆ ತಲುಪಿತ್ತು. 2004ರಲ್ಲಿ ಕಾನೂನು ಬದಲಾಯಿತು. ಈಗ 500 ಡಾಲರ್‌ಗಿಂತ ಹೆಚ್ಚು ರಿಯಾಯಿತಿ ಕೇಳುವುದಾದರೆ, ಸಾಮಾನ್ಯವಾಗಿ ಕಾರು ಮಾರಿ ಬಂದಷ್ಟೇ ಮೊತ್ತಕ್ಕೆ ಅದು ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ ಕಾರಿಗೆ ಪೇಟೆಯಲ್ಲಿ 3,000 ಡಾಲರ್ ಬೆಲೆ ಇದ್ದರೂ ದಾನಿ ತೋರಿಸಬಹುದಾದದ್ದು 900. ಕೂಟಕ್ಕೆ 455 ಬಂದರೂ ದಾನಿಯ ಲೆಕ್ಕ 900ವೇ.

ಅದೂ ತೆರಿಗೆ ಫಾರ್ಮ್‌ನಲ್ಲಿ ಇಂಥ ಖರ್ಚುಗಳನ್ನು ಒಂದೊಂದಾಗಿ ತೋರಿಸುವವರಿಗೆ ಮಾತ್ರ. 2025ರ ಲೆಕ್ಕದಲ್ಲಿ ದಂಪತಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚು ತೋರಿಸದೆಯೇ ಆದಾಯದಿಂದ ಕಳೆಯಬಹುದಾದ ಮೊತ್ತ, 31,500 ಡಾಲರ್. ಅದನ್ನೇ ಪಡೆಯುವವರಿಗೆ ಕಾರು ಕೊಟ್ಟಿದ್ದರಿಂದ ತೆರಿಗೆ ಒಂದು ಡಾಲರ್ ಕೂಡ ಇಳಿಯುವುದಿಲ್ಲ. ಇದನ್ನು ಮುಚ್ಚಿಟ್ಟು ಕಾರು ಪಡೆಯಬೇಡಿ. ಚೆನ್ನಾಗಿ ಓಡುವ ಕಾರಿದ್ದರೆ, ‘ನೀವೇ ಮಾರಿ, ಆ ಹಣ ಕೊಡಿ’ ಎನ್ನುವುದೇ ಒಳ್ಳೆಯದು. ಕೂಟಕ್ಕೂ ಅದರಿಂದಲೇ ಜಾಸ್ತಿ ಬರುತ್ತದೆ. ಹರಾಜಿನ ದಾರಿ ಹಳತಾದ, ಕೆಟ್ಟು ನಿಂತ ಕಾರುಗಳಿಗೆ ಸರಿ.

ಬಡ ಕುಟುಂಬಕ್ಕೆ ಓಡಾಡಲೆಂದು ಕಾರನ್ನೇ ಕೊಟ್ಟರೆ ದಾನಿಗೆ ಪೂರ್ತಿ ಪೇಟೆ ಬೆಲೆಯ ರಿಯಾಯಿತಿ ಸಿಗಬಹುದು. ಮೇರಿಲ್ಯಾಂಡ್‌ನ ವೆಹಿಕಲ್ಸ್ ಫಾರ್ ಚೇಂಜ್ ಸಂಸ್ಥೆ ದಾನದ ಕಾರುಗಳನ್ನು ರಿಪೇರಿ ಮಾಡಿ ಕಡಿಮೆ ಆದಾಯದ ಕುಟುಂಬಗಳಿಗೆ ತಲುಪಿಸುತ್ತದೆ. ಆದರೆ ಬಡವರಿಗೆ ನೆರವಾಗುವುದು ಸಂಸ್ಥೆಯ ಉದ್ದೇಶಗಳಲ್ಲೇ ಇರಬೇಕು. ಬರೀ ಸಾಂಸ್ಕೃತಿಕ ಕೂಟಕ್ಕೆ ಇದು ಅನ್ವಯಿಸುವುದಿಲ್ಲ.

ಕಾರು ಒಪ್ಪಿಸುವ ದಿನ

ಟೈಟಲ್‌ನಲ್ಲಿ, ಅಂದರೆ ಕಾರಿನ ಮಾಲೀಕತ್ವದ ಪತ್ರದಲ್ಲಿ, ಹೆಸರಿರುವವರು ಸಹಿ ಮಾಡಬೇಕು. ಸಾಲ ಬಾಕಿ ಇದ್ದರೆ ಬ್ಯಾಂಕಿನಿಂದ ಬಿಡುಗಡೆ ಪತ್ರ ಬೇಕು. ಪಡೆಯುವವರ ಜಾಗವನ್ನು ಖಾಲಿ ಬಿಡಬೇಡಿ. ಬಿಟ್ಟರೆ ಮುಂದೆ ಆ ಕಾರಿಗೆ ಬೀಳುವ ದಂಡದ ಚೀಟಿ ಹಳೆಯ ಮಾಲೀಕರ ಮನೆಗೇ ಬಂದೀತು. ಕ್ಯಾಲಿಫೋರ್ನಿಯಾದಲ್ಲಿ ಕಾರು ಕೊಟ್ಟ ಐದು ದಿನದೊಳಗೆ ಡಿಎಂವಿಗೆ (ರಾಜ್ಯದ ವಾಹನ ಇಲಾಖೆಗೆ) ತಿಳಿಸಬೇಕು. ಅಲ್ಲಿ ಸಾಮಾನ್ಯ ನಂಬರ್ ಪ್ಲೇಟ್ ಕಾರಿನ ಜೊತೆಗೇ ಹೋಗುತ್ತದೆ. ನ್ಯೂಯಾರ್ಕ್‌ನಲ್ಲಿ ಪ್ಲೇಟ್ ಬಿಚ್ಚಿ ಡಿಎಂವಿಗೆ ಒಪ್ಪಿಸಿ, ಆಮೇಲೆ ವಿಮೆ ರದ್ದು ಮಾಡಬೇಕು. ಟೋಲ್ ಟ್ಯಾಗ್, ಗ್ಯಾರೇಜ್ ರಿಮೋಟ್ ತೆಗೆದಿಡಲು ನೆನಪಿಸಿ. ಕಾರಿನ ಪರದೆಯಲ್ಲಿ ಉಳಿದ ಮನೆ ವಿಳಾಸ, ಫೋನ್ ನಂಬರ್‌ಗಳನ್ನೂ ಅಳಿಸಲು ಹೇಳಿ.

ಕಾರು 500 ಡಾಲರ್‌ಗಿಂತ ಹೆಚ್ಚಿಗೆ ಮಾರಾಟವಾದರೆ, ಮಾರಿದ 30 ದಿನದೊಳಗೆ ದಾನಿಗೆ ಫಾರ್ಮ್ 1098-ಸಿ, ಅಂದರೆ ಕಾರು ದಾನದ ರಸೀದಿ, ತಲುಪಬೇಕು. ಏಜೆಂಟರು ಕಳಿಸುತ್ತಾರೆ ಎಂದು ಕೈಕಟ್ಟಿ ಕೂರಬೇಡಿ, ಒಂದು ಪ್ರತಿ ನಿಮ್ಮ ಕಡತದಲ್ಲೂ ಇರಲಿ. ಊರಿಗೆ ಮರಳಿದ ದಾನಿಯ ಇಮೇಲ್, ಭಾರತದ ವಿಳಾಸ ಬರೆದಿಟ್ಟುಕೊಳ್ಳಿ. ಕಾರು ಎಷ್ಟಕ್ಕೆ ಹೋಯಿತು, ಕೂಟಕ್ಕೆ ಎಷ್ಟು ಬಂತು, ಯಾವುದಕ್ಕೆ ಖರ್ಚಾಗುತ್ತದೆ ಎಂದು ಅವರಿಗೆ ಕನ್ನಡದಲ್ಲೇ ಒಂದು ಕಾಗದ ಬರೆಯಿರಿ.

ಹಣವನ್ನು ಕರ್ನಾಟಕದ ಶಾಲೆಗೋ ಆಸ್ಪತ್ರೆಗೋ ಕಳಿಸುವ ಆಸೆ ಇದ್ದರೆ, ಪಡೆಯುವ ಸಂಸ್ಥೆಗೆ ಭಾರತದ ವಿದೇಶಿ ದೇಣಿಗೆ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇದೆಯೇ ಕೇಳಿ. 2020ರ ತಿದ್ದುಪಡಿಯ ಪ್ರಕಾರ ವಿದೇಶದ ದೇಣಿಗೆ ಮೊದಲು ಬಂದು ಬೀಳಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಹಾಗಾಗಿ ಕೆಲಸ ಮಾಡುವ ಸಂಸ್ಥೆಗೇ ನೋಂದಣಿ ಇರಬೇಕು. ಇದನ್ನು ಖಚಿತ ಮಾಡಿಕೊಂಡ ಮೇಲೆಯೇ ‘ನಿಮ್ಮ ಕಾರಿನ ಹಣ ಊರಿನ ಶಾಲೆಗೆ’ ಎಂದು ಪ್ರಚಾರ ಮಾಡಿ.